ಕಾಮಾಲೆಯ ಹದಿನಾರು ಪುಟ

ನಮ್ಮ ಮನೆಯಲ್ಲಿ ಹೊಸ ಪುಸ್ತಕದ ಮೊದಲ ಪ್ರತಿಯನ್ನು ಯಾರೂ ಬಿಚ್ಚುವಂತಿಲ್ಲ. ಬೈಂಡರ್ ಕಳಿಸಿದ್ದು ನೇರವಾಗಿ ದೇವರ ಮನೆಗೆ ಹೋಗಬೇಕು, ರಕ್ಷಾಪುಟದ ಮೂಲೆಗೆ ಅರಿಶಿನ ಕುಂಕುಮ ಬೀಳಬೇಕು, ಸಂಜೆ ದೀಪ ಹಚ್ಚಿದ ಮೇಲೆಯೇ ಹಾಳೆ ತಿರುವಬೇಕು. ಇದು ನಮ್ಮತ್ತೆ ಮಾಡಿಟ್ಟ ಕಟ್ಟಳೆ. ಮಾವ ಜಯನಗರದ ಈ ಮನೆಯ ಕಾರ್ ಶೆಡ್ಡಿನಲ್ಲಿ ಪ್ರಕಾಶನ ಶುರು ಮಾಡಿದಾಗ ಶೆಡ್ಡಿತ್ತು, ಕಾರಿರಲಿಲ್ಲ. ಅತ್ತೆ ಮಾವ ಇಬ್ಬರೂ ಹೋದರು, ಕಾರು ಇವತ್ತಿಗೂ ಬಂದಿಲ್ಲ, ಪ್ರಕಾಶನ ಮತ್ತು ಕಟ್ಟಳೆ ಮಾತ್ರ ಉಳಿದುಕೊಂಡವು. ಈಗ ಅದನ್ನು ನಡೆಸುವವರು ನಾನು, ನನ್ನ ಗಂಡ. ಅವರು ಪುಟ ಜೋಡಿಸುತ್ತಾರೆ, ಪಾರ್ಸಲ್ ಕಟ್ಟುತ್ತಾರೆ. ನಾನು ಕರಡು ತಿದ್ದುತ್ತೇನೆ.

ಕರಡು ತಿದ್ದುವುದು ಮೂವತ್ತು ವರ್ಷದ ಚಟ. ಮದುವೆ ಕರೆಯೋಲೆ ಹಿಡಿದು ಬಂದವರಿಗೂ "ಬಹಳ ಸಂತೋಷ, ಬರ್ತೀವಿ. ಅಂದ ಹಾಗೆ ಮೂರನೇ ಸಾಲಲ್ಲಿ ಒಂದು ಒತ್ತು ಬಿಟ್ಟುಹೋಗಿದೆ" ಎಂದು ಹೇಳಿ ಬೈಸಿಕೊಂಡವಳು ನಾನು. ಅಂಥವಳು ಒಂದು ಪುಸ್ತಕದ ಹದಿನಾರು ಪುಟಗಳನ್ನು ನುಂಗಿ ನೀರು ಕುಡಿದೆ. ಒಂದು ಪುಟವಲ್ಲ, ಒಂದು ಸಾಲಲ್ಲ, ಇಡೀ ಹದಿನಾರು. ಈಗ ನಗುತ್ತಾ ಹೇಳುತ್ತಿದ್ದೇನೆ. ಸದ್ಯ, ನಗುವ ಹಾಗಾಯಿತಲ್ಲ!

ಪುಸ್ತಕ ಬರೆದವರು ಎಪ್ಪತ್ತನಾಲ್ಕು ವರ್ಷದ ಹೆಂಗಸು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಮನೆ ಕುಮಾರಸ್ವಾಮಿ ಲೇಔಟಿನಲ್ಲಿ, ಒಬ್ಬಳೇ ಮಗಳು ವಸಂತಪುರದಲ್ಲಿ. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಮೊದಲ ಸಲ ಅವರು ಬಟ್ಟೆ ಚೀಲದಲ್ಲಿ ಮೂರು ನೋಟ್‌ಬುಕ್ ತುಂಬಿಕೊಂಡು ಬಂದಾಗ ನಾನು ಆಂಬೊಡೆ ಕರಿಯುತ್ತಿದ್ದೆ. ತಟ್ಟೆಗೆ ಎರಡು ಹಾಕಿ ಕೊಟ್ಟೆ. ಎರಡು ಹೋಗಿ ಐದಾಯಿತು. ಕೈ ಒರೆಸಿಕೊಳ್ಳುತ್ತಾ ಹೇಳಿದರು, "ನಮ್ಮನೆಯವರಿಗೆ ಯಾರಿಗೂ ಹೇಳ್ಬೇಡ ಕಣೇ. ನಾನು ಎಣ್ಣೆ ಪದಾರ್ಥ ಮುಟ್ಟೋಳಲ್ಲ ಅಂತ ಎಲ್ಲರಿಗೂ ಗೊತ್ತು."

ಕೊಲೆಸ್ಟ್ರಾಲ್ ಇರಬೇಕು ಅಂದುಕೊಂಡೆ. ಎರಡನೆಯ ನೋಟ್‌ಬುಕ್ಕಿನ ನಡುವಿಗೆ ಬಂದಾಗ ಕಾರಣ ತಿಳಿಯಿತು. ಆ ಅಧ್ಯಾಯದ ಹೆಸರು 'ಕಾಮಾಲೆ'.

ಮಗಳು ಹುಟ್ಟಿದ ಮೇಲೆ ಅಕ್ಕನಿಗೆ ಆ ಮಗುವನ್ನು ಮುಟ್ಟಲಾಗಲಿಲ್ಲ. ಅತ್ತರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಎದೆಯಲ್ಲಿ ಹಾಲಿತ್ತು, ಕೊಡಲು ಮನಸ್ಸು ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ತೊಟ್ಟಿಲ ಪಕ್ಕ ನಿಂತು ತಮ್ಮ ಕೈಗೆ ತಾವೇ ಹೆದರಿ, ಅಮ್ಮನನ್ನು ಕರೆದು "ಇವಳನ್ನ ನನ್ನಿಂದ ದೂರ ಇಡು" ಎಂದರಂತೆ. ಅವರಮ್ಮ ಬುದ್ಧಿವಂತೆ. ಮಗಳನ್ನು ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ನೆಂಟರಿಗೆಲ್ಲ "ಬಾಣಂತಿಗೆ ಕಾಮಾಲೆ, ಮಗುವಿಗೆ ತಗುಲುತ್ತೆ" ಎಂದು ಹೇಳಿಬಿಟ್ಟರು. ಹಾಲು ಕೊಡದಿರುವುದಕ್ಕೂ ಅದೇ ಕಾರಣ, ಮಗುವನ್ನು ಬೇರೆ ಕೋಣೆಯಲ್ಲಿ ಇಟ್ಟಿದ್ದಕ್ಕೂ ಅದೇ ಕಾರಣ. ನಾಲ್ಕು ತಿಂಗಳಾದ ಮೇಲೆ ಅಕ್ಕ ಹುಷಾರಾಗಿ ಮಗುವನ್ನು ಎತ್ತಿಕೊಂಡರು. ಆದರೆ ಸುಳ್ಳು ಹುಷಾರಾಗಲಿಲ್ಲ. ಮನೆಗೆ ಬಂದವರೆಲ್ಲ ನೆಲನೆಲ್ಲಿ ರಸ ತಂದರು, ಮೂಲಂಗಿ ಸೊಪ್ಪು ತಂದರು. ಮದುವೆ ಮುಂಜಿಗೆ ಹೋದರೆ ಬಡಿಸುವವರು "ಅವರಿಗೆ ಬೋಂಡ ಬೇಡ, ಕಾಮಾಲೆ ಆಗಿತ್ತು" ಎಂದು ಎಲೆ ದಾಟಿ ಹೋಗುತ್ತಿದ್ದರು. ನಲವತ್ತೈದು ವರ್ಷ! ಮಗಳೂ ಅದನ್ನೇ ನಂಬಿ ಬೆಳೆದಳು. ಅಮ್ಮ ಮನೆಗೆ ಬಂದರೆ ಎಣ್ಣೆ ಇಲ್ಲದ ಅಡುಗೆ ಬೇರೆ ಮಾಡುತ್ತಿದ್ದಳು.

"ಇದನ್ನ ಹಾಕ್ಲೋ ಬೇಡ್ವೋ ನೀನೇ ಹೇಳು," ಎಂದರು ಅಕ್ಕ. "ಎದುರು ಕೂರಿಸ್ಕೊಂಡು ಮಗಳಿಗೆ ಹೇಳೋ ಧೈರ್ಯ ನನಗಿಲ್ಲ. ಪುಸ್ತಕದಲ್ಲಿದ್ರೆ ಅವಳಾಗೇ ಓದ್ಕೋತಾಳೆ ಅನ್ನೋ ಆಸೆ. ಓದಿದ್ಮೇಲೆ ನನ್ನ ಮುಖ ನೋಡ್ತಾಳೋ ಇಲ್ವೋ ಅನ್ನೋ ಭಯ."

"ಹಾಕಿ ಅಕ್ಕ," ಎಂದೆ. ಬೇರೆಯವರ ಮನೆ ಗುಟ್ಟಿನ ವಿಷಯದಲ್ಲಿ ಧೈರ್ಯ ಹೇಳುವುದು ಎಷ್ಟು ಸುಲಭ ನೋಡಿ.

ಪುಸ್ತಕ ಬಂತು, ಮೂರು ನೂರು ಪ್ರತಿ. ಮಗಳಿಗೆ ಅಕ್ಕ ತಾವೇ ಒಂದು ಕೊಟ್ಟರು. "ಓದ್ತೀನಿ ಅಮ್ಮ," ಎಂದಳು ಮಗಳು. ಕೆಟ್ಟವಳೇನಲ್ಲ, ಬ್ಯಾಂಕಿನ ಕೆಲಸ, ಕನಕಪುರ ರಸ್ತೆಯ ಟ್ರಾಫಿಕ್ಕು, ಮಕ್ಕಳ ಪರೀಕ್ಷೆ. ದಸರೆಗೆ ಕೇಳಿದರೆ "ಓದ್ತೀನಿ", ಸಂಕ್ರಾಂತಿಗೆ ಕೇಳಿದರೆ "ಓದ್ತೀನಮ್ಮ, ಖಂಡಿತ". ಆ ಪ್ರತಿಯನ್ನು ಯಾರೋ ಸಹೋದ್ಯೋಗಿ ತೆಗೆದುಕೊಂಡು ಹೋದವರು ವಾಪಸ್ಸೂ ಕೊಡಲಿಲ್ಲ. ಎರಡು ವರ್ಷ ಕಳೆಯಿತು. ನಾಲ್ಕನೇ ಬ್ಲಾಕಿನ ಪುಸ್ತಕದಂಗಡಿಯಲ್ಲಿ ನಮ್ಮ ಪುಸ್ತಕ ಕಪಾಟಿನ ಕೆಳಗಿನ ಖಾನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿತ್ತು. ಉಳಿದವು ನಮ್ಮ ಮಂಚದ ಕೆಳಗೆ.

ಆಮೇಲೆ ಬಂದಳು ನಮ್ಮ ಮಹಾತಾಯಿ ನಟಿ.

ಈ ನಟಿ ಪ್ರತಿ ತಿಂಗಳು ಒಂದು ಪುಸ್ತಕವನ್ನು ಆರಿಸಿ, ಬಾಲ್ಕನಿಯಲ್ಲಿ ಕಾಫಿ ಲೋಟದ ಜೊತೆ ಇಂಟರ್ನೆಟ್ಟಿನಲ್ಲಿ ಫೋಟೋ ಹಾಕುತ್ತಾಳೆ, ಅದಕ್ಕೆ ಓದುಗರ ಕ್ಲಬ್ ಎಂದು ಹೆಸರು. ಅವಳನ್ನು ಹಿಂಬಾಲಿಸುವ ಲಕ್ಷಾಂತರ ಜನ ಆ ತಿಂಗಳು ಅದನ್ನೇ ಓದಬೇಕು, ಅದರ ಬಗ್ಗೆಯೇ ಮಾತಾಡಬೇಕು. ನಾನು ಅವಳನ್ನು ಬೇಕಾದಷ್ಟು ಆಡಿಕೊಂಡವಳು. "ಪುಸ್ತಕ ತಲೆಕೆಳಗಾಗಿ ಹಿಡಿದಿಲ್ವಲ್ಲ, ಅಷ್ಟೇ ಪುಣ್ಯ" ಎನ್ನುತ್ತಿದ್ದೆ. ಅವಳಿಂದಾಗಿ ಊರಿನ ಪ್ರಕಾಶಕರೆಲ್ಲ ಕೆಟ್ಟುಹೋಗಿದ್ದಾರೆ ಎಂಬುದು ನನ್ನ ವಾದ. ಹೊಸ ಪುಸ್ತಕ ಬಂದರೆ ವಿಮರ್ಶಕರಿಗೆ ಕಳಿಸುವ ಮೊದಲು ಅವಳಿಗೆ ಕೊರಿಯರ್. ರಕ್ಷಾಪುಟಕ್ಕೆ ಯಾವ ಬಣ್ಣ ಹಾಕಿದರೆ ಕಾಫಿ ಲೋಟದ ಪಕ್ಕ ಚೆಂದ ಕಾಣುತ್ತದೆ ಎಂಬ ಚರ್ಚೆ. ನನ್ನ ಕೈಗೇ ಒಂದು ಹಸ್ತಪ್ರತಿ ಬಂದಿತ್ತು, ಜೊತೆಗಿದ್ದ ಕಾಗದದಲ್ಲಿ 'ಆ ಕ್ಲಬ್ಬಿಗೆ ಹೊಂದುವಂತೆ ಬರೆದಿದ್ದೇನೆ' ಎಂದಿತ್ತು. ಕಾಗದದಲ್ಲಿ ಎಂಟು ತಪ್ಪು ಗುರುತು ಹಾಕಿ ವಾಪಸ್ ಕಳಿಸಿದೆ.

ಅಂಥ ನಟಿ ಒಂದು ಬೆಳಗ್ಗೆ ಅಕ್ಕನ ಪುಸ್ತಕವನ್ನು ಎತ್ತಿ ಹಿಡಿದಳು. ನಾವು ಕಳಿಸಿರಲಿಲ್ಲ, ಹೇಗೆ ಸಿಕ್ಕಿತೋ ದೇವರಿಗೇ ಗೊತ್ತು. ಬೆಳಗಿನ ತಿಂಡಿ ಮುಗಿಯುವುದರೊಳಗೆ ನಮ್ಮವರ ಫೋನು ಬೆಂಕಿಯಂತಾಯಿತು. ಮಂಚದ ಕೆಳಗಿನ ಪ್ರತಿಗಳು ಎರಡು ದಿನಕ್ಕೆ ಖಾಲಿ. ಅಂಗಡಿಯವರು ಫೋನ್ ಮಾಡಿ, "ಮೇಡಂ, ಗಾಜಿನ ಮುಂದೆ ಜಾಗ ಮಾಡಿದೀವಿ, ಪುಸ್ತಕ ಕೊಡಿ" ಎಂದರು. ಎರಡು ವರ್ಷ ಗೋಡೆ ನೋಡಿದ ಪುಸ್ತಕಕ್ಕೆ ಶುಕ್ರದೆಸೆ! ಮೂರು ಸಾವಿರ ಪ್ರತಿ ಮರುಮುದ್ರಣ ಎಂದಾಯಿತು, ವಾರದೊಳಗೆ ಬೇಕು. ಮುಖಪುಟಕ್ಕೆ ನಟಿಯ ಕ್ಲಬ್ಬಿನ ದುಂಡನೆ ಬಂಗಾರದ ಸ್ಟಿಕ್ಕರ್ ಬೇರೆ. ನಮ್ಮವರು ಅದಕ್ಕೆ ಐಎಸ್‌ಐ ಮಾರ್ಕು ಎಂದು ಹೆಸರಿಟ್ಟರು.

ಇಲ್ಲಿ ಒಂದು ವಿಷಯ ಹೇಳಬೇಕು. ಪುಸ್ತಕ ಅಚ್ಚಾಗುವುದು ಹದಿನಾರು ಹದಿನಾರು ಪುಟದ ಕಂತೆಗಳಲ್ಲಿ. ಒಂದು ಕಂತೆಗೆ ಫಾರಂ ಎನ್ನುತ್ತಾರೆ. ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ ಹೊಲಿದರೆ ಪುಸ್ತಕ. ಬೈಂಡರ್ ಮೊದಲು ಒಂದೇ ಒಂದು ಪ್ರತಿ ಹೊಲಿದು ಕಳಿಸುತ್ತಾನೆ, ನಾವು ಪುಟ ಪುಟ ತಿರುವಿ ನೋಡಿ "ಸರಿ" ಎಂದ ಮೇಲೆ ಉಳಿದದ್ದನ್ನು ಹೊಲಿಯುತ್ತಾನೆ. ಯಾವಾಗಲೂ ನಾನು ಎರಡು ಪ್ರತಿ ತರಿಸುತ್ತೇನೆ, ಒಂದು ದೇವರಿಗೆ, ಒಂದು ನನ್ನ ಕೆಂಪು ಪೆನ್ನಿಗೆ. ಆ ಸಲ ಅವಸರ, ಒಂದೇ ಬಂತು. ಶುಕ್ರವಾರ ಬೇರೆ. ಕಾಲು ತೊಳೆದು, ಪುಸ್ತಕವನ್ನು ದೇವರ ಮುಂದಿಟ್ಟು, ಕುಂಕುಮ ಹಚ್ಚಿ ಗಂಟೆ ಎತ್ತಿಕೊಂಡಿದ್ದೆ, ಫೋನ್ ಬಂತು.

"ಅಮ್ಮ, ನೋಡಿದ್ರಾ? ಹೊಲಿಗೆ ಹಾಕ್ಸ್ಲಾ? ಹುಡುಗರು ಕಾಯ್ತಾವ್ರೆ," ಎಂದ ಬೈಂಡರ್.

ಮರುಮುದ್ರಣ ತಾನೆ, ಹಳೆಯ ಪುಟಗಳೇ ತಾನೆ, ಇದರಲ್ಲಿ ತಪ್ಪು ಎಲ್ಲಿಂದ ಬರುತ್ತದೆ? "ಹಾಕ್ಸಪ್ಪ," ಎಂದೆ. ಸಂಜೆ ದೀಪ ಹಚ್ಚಿದೆ. ಅಷ್ಟರಲ್ಲಿ ಪಾರ್ಸಲ್ ಕಟ್ಟುವ ಗಲಾಟೆ. ಆ ಪ್ರತಿ ದೇವರ ಮನೆಯಲ್ಲೇ ಉಳಿಯಿತು, ಕುಂಕುಮದ ಸಮೇತ.

ಈಗ ನಿಜವಾದ ಸಂತೋಷದ ವಿಷಯ. ಅಕ್ಕನ ಮಗಳು ಅಮ್ಮನ ಪುಸ್ತಕ ಓದಿದಳು. ಎರಡು ವರ್ಷ ಹೆತ್ತ ತಾಯಿ ಬೇಡಿಕೊಂಡರೂ ಆಗದ್ದು, ನಟಿ ಹೇಳಿದ್ದಕ್ಕೆ ಆಯಿತು! ಬ್ಯಾಂಕಿನಲ್ಲಿ ಎಲ್ಲರೂ "ನಿಮ್ಮಮ್ಮನ ಪುಸ್ತಕ ಅಂತೆ" ಎಂದು ಕೇಳುವವರೇ. ಅವಳು ಅಂಗಡಿಗೆ ಹೋಗಿ, ಬಂಗಾರದ ಸ್ಟಿಕ್ಕರಿನ ಪ್ರತಿಯನ್ನು ಕೊಂಡು, ಒಂದು ವಾರದಲ್ಲಿ ಓದಿ ಮುಗಿಸಿದಳು. ಅಕ್ಕ ನನಗೆ ಫೋನ್ ಮಾಡಿ, "ಇವತ್ತು ಮುಗಿಸಿದ್ಲಂತೆ ಕಣೇ, ಭಾನುವಾರ ಬರ್ತಾಳಂತೆ" ಎಂದರು.

ಭಾನುವಾರ ಮಗಳು ಬಂದಳು. "ಪುಸ್ತಕ ಚೆನ್ನಾಗಿದೆ ಅಮ್ಮ," ಎಂದಳು. ಅಷ್ಟೇ. ಕಾಫಿ ಕುಡಿದಳು, ಅಮ್ಮನ ಮುಖವನ್ನು ಒಂದು ಥರ ನೋಡಿದಳು, ಹೋದಳು.

ಅದೇ ತಿಂಗಳ ಕೊನೆಗೆ ಜೆ.ಪಿ. ನಗರದ ಒಂದು ಕಾಫಿ ಶಾಪಿನ ಮಹಡಿಯಲ್ಲಿ ಕ್ಲಬ್ಬಿನ ಸಭೆ. ಐವತ್ತು ಅರವತ್ತು ಜನ, ಹೆಚ್ಚಿನವರು ಹುಡುಗಿಯರು, ಎಲ್ಲರ ಕೈಯಲ್ಲೂ ಬಂಗಾರದ ಸ್ಟಿಕ್ಕರಿನ ಹೊಸ ಪ್ರತಿ. ಅಕ್ಕ ಹಸಿರು ಅಂಚಿನ ಸೀರೆ ಉಟ್ಟು ಮುಂದೆ ಕೂತಿದ್ದರು, ಮಗಳು ಕೊನೆಯ ಸಾಲಿನಲ್ಲಿ. ನಟಿ ಬಂದಳು. ಅಕ್ಕನ ಎರಡೂ ಕೈಗಳನ್ನು ಹಿಡಿದು ಎಷ್ಟು ಹೊತ್ತಾದರೂ ಬಿಡಲೇ ಇಲ್ಲ. ಕ್ಯಾಮೆರಾ ಇದೆಯಲ್ಲ, ಬಿಡುತ್ತಾಳಾ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಪ್ರಶ್ನೆಗಳು ಶುರುವಾದವು. ಎಕ್ಸ್‌ಚೇಂಜಿನ ಬೋರ್ಡಿನ ಬಗ್ಗೆ, ಟ್ರಂಕ್ ಕಾಲ್ ಬಗ್ಗೆ, ಕದ್ದು ಕೇಳುತ್ತಿದ್ದಿರಾ ಎಂಬ ಬಗ್ಗೆ. ಗಡ್ಡದ ಹುಡುಗನೊಬ್ಬ ಎದ್ದು, "ಮೇಡಂ, ನೀವು ಹೇಳಿದ್ದಕ್ಕೇ ಮತ್ತೆ ವಾಪಸ್ ಬರ್ತೀರಲ್ಲ, ಆ ಟೆಕ್ನಿಕ್ ಸಖತ್ತಾಗಿದೆ" ಎಂದ. ಇಂಟರ್ನೆಟ್ಟಿನಲ್ಲಿ ಕಲಿತ ಮಾತು ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಕಾಮಾಲೆಯ ಬಗ್ಗೆ ಒಬ್ಬರೂ ಒಂದು ಮಾತೂ ಎತ್ತಲಿಲ್ಲ. ಅಕ್ಕ ಪ್ರತಿ ಪ್ರಶ್ನೆಗೂ ಸೆರಗು ಬಿಗಿ ಹಿಡಿದು ಕೂರುವುದು, ಪ್ರಶ್ನೆ ಬೇರೆಯದು ಎಂದು ಗೊತ್ತಾದಾಗ ಸಡಿಲ ಬಿಡುವುದು ನನಗೆ ಕಾಣುತ್ತಿತ್ತು.

ಎರಡು ದಿನ ಬಿಟ್ಟು ಅವರ ಮನೆಗೆ ಹೋದೆ. ಮುಖ ಊದಿಕೊಂಡಿತ್ತು.

"ನೋಡಿದ್ಯಾ? ಅಷ್ಟು ಜನ ಓದಿದಾರೆ, ಯಾರೂ ಬಾಯಿ ಬಿಡಲಿಲ್ಲ. ಮರ್ಯಾದಸ್ಥರು, ಮುಖಕ್ಕೆ ಹೇಳಲಿಲ್ಲ ಅಷ್ಟೇ. ಹೆತ್ತ ಮಗೂನ ಮುಟ್ಟದೋಳು ಅಂತ ಮನಸ್ಸಲ್ಲಿ ಅಂದ್ಕೊಂಡಿರ್ತಾರೆ."

"ಹಂಗೇನಿಲ್ಲ ಅಕ್ಕ—"

"ಊರೋರ ಮನೆ ಹಾಳಾಗ್ಲಿ. ನನ್ನ ಮಗಳು? ಈಗ ದಿನಾ ಫೋನ್ ಮಾಡ್ತಾಳೆ, ಏನು ಮಾತಾಡ್ತಾಳೆ ಗೊತ್ತಾ? ಬೆಳಗ್ಗೆ ಏನು ತಿಂಡಿ ತಿಂದೆ, ಇವತ್ತು ಯಾವ ವಾರ, ಗ್ಯಾಸ್ ಆರಿಸಿದ್ಯಾ. ಅಪರಿಚಿತರ ಹತ್ರ ಮಾತಾಡಿದ ಹಾಗೆ. ಆ ವಿಷಯ ಬರದೇ ಇರ್ಲಿ ಅಂತ ಏನೇನೋ ಕೇಳ್ತಾಳೆ." ಅಕ್ಕ ಕಣ್ಣು ಒರೆಸಿಕೊಂಡರು. "ಇನ್ನು ಮುಂದೆ ಆ ಪುಸ್ತಕ ಅಚ್ಚು ಮಾಡ್ಬೇಡ. ಹೋಗಿದ್ದು ಹೋಯ್ತು, ಉಳಿದಿದ್ದು ಸುಟ್ಟು ಹಾಕು."

ಹಾಕಿ ಅಕ್ಕ ಎಂದು ಹೇಳಿದ್ದ ಬಾಯಿ ನನ್ನದೇ. ಬಸ್ಸಿನಲ್ಲಿ ಮನೆಗೆ ಬಂದೆ. ಗಂಡನ ಮೇಲೆ ರೇಗಿದೆ, ಬೆಕ್ಕಿನ ಮೇಲೆ ರೇಗಿದೆ, ನಟಿಯ ಮೇಲಂತೂ ಕೇಳಲೇಬೇಡಿ. ಯಾರಿಗೂ ಬೇಡವಾಗಿ ಮಂಚದ ಕೆಳಗೆ ಬಿದ್ದಿದ್ದ ಪುಸ್ತಕ ನೆಮ್ಮದಿಯಾಗಿತ್ತು. ಎಲ್ಲಿಂದಲೋ ಬಂದು ಅದಕ್ಕೆ ಬಂಗಾರದ ಬೊಟ್ಟಿಟ್ಟು ಬೀದಿಗೆ ತಂದವಳು ಅವಳೇ ಅಲ್ಲವೇ?

ಒಂದು ವಾರ ಹೀಗೇ ಹೋಯಿತು. ಶನಿವಾರ ಶೆಡ್ಡಿನ ಬಾಗಿಲಲ್ಲಿ ಒಬ್ಬಳು ಹುಡುಗಿ ನಿಂತಿದ್ದಳು. ಇಪ್ಪತ್ತೈದು ಇರಬಹುದು, ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಅಕ್ಕನ ಪುಸ್ತಕ.

"ನಮಸ್ಕಾರ್ರೀ ಮೇಡಂ. ನಾ ಬಾಗಲಕೋಟ ಕಡೆಯಾಕಿ, ಬಿಟಿಎಂನಾಗ ಪೀಜಿ ಒಳಗ ಇರ್ತೀನಿ. ಇದು ಬದ್ಲಿ ಮಾಡಿ ಕೊಡ್ತೀರೇನ್ರಿ? ಇದರಾಗ ಹದಿನಾರ ಪುಟ ಇಲ್ರಿ."

"ಏನಿಲ್ಲ?" ಎಂದೆ. ನನ್ನ ಪುಸ್ತಕದಲ್ಲಿ ತಪ್ಪು ಹಿಡಿಯಲು ಬಂದಿದ್ದಾಳೆ, ನಿನ್ನೆ ಮೊನ್ನೆ ಹುಟ್ಟಿದವಳು!

ಅವಳು ಮೇಜಿನ ಮೇಲೆ ಪುಸ್ತಕ ತೆರೆದಿಟ್ಟು ಬೆರಳಿಟ್ಟು ತೋರಿಸಿದಳು. "ತೊಂಬತ್ತೇಳರಿಂದ ನೂರಾ ಹನ್ನೆರಡರ ತನಕ ಎರಡ ಸಲ ಬಂದಾವ್ರಿ. ಮುಂದ ಒಮ್ಮಿಗೇ ನೂರಾ ಇಪ್ಪತ್ತೊಂಬತ್ತು. ನಡುವಿನ್ವು ಇಲ್ಲ. ಪರಿವಿಡಿಯೊಳಗ ನೂರಾ ಹದಿಮೂರಕ್ಕ 'ಕಾಮಾಲೆ' ಅಂತ ಐತಿ, ಅದ ಇಲ್ಲೇ ಇಲ್ಲ."

 ಮೇಜಿನ ಮೇಲಿದ್ದ ಇನ್ನೊಂದು ಪ್ರತಿ ತೆಗೆದೆ. ಅದರಲ್ಲೂ ಇಲ್ಲ. ಕಟ್ಟು ಬಿಚ್ಚಿ ಮತ್ತೆರಡು ನೋಡಿದೆ. ಇಲ್ಲ. ಓಡಿಹೋಗಿ ದೇವರ ಮನೆಯ ಪ್ರತಿ ತಂದೆ. ಕುಂಕುಮದ ಪುಡಿ ಪುಟಗಳ ನಡುವೆ ಉದುರಿತು. ಅದರಲ್ಲೂ ಏಳನೆಯ ಫಾರಂ ಎರಡು ಸಲ, ಎಂಟನೆಯದು ಇಲ್ಲವೇ ಇಲ್ಲ. ಪ್ರೆಸ್ಸಿನ ಅವಸರದಲ್ಲಿ ಎಂಟರ ಬದಲು ಏಳನ್ನೇ ಇನ್ನೊಮ್ಮೆ ಅಚ್ಚು ಮಾಡಿದ್ದರು. ನನ್ನ ಗ್ರಹಚಾರಕ್ಕೆ ಆ ಎರಡು ಅಧ್ಯಾಯಗಳು ಅಳೆದಿಟ್ಟ ಹಾಗೆ ಒಂದೊಂದು ಫಾರಂಗೆ ಸರಿಯಾಗಿ ಕೂತಿದ್ದವು. ಹೀಗಾಗಿ ಒಂದೇ ಅಧ್ಯಾಯ ಮೊದಲಿಂದ ಕೊನೆತನಕ ಎರಡು ಸಲ, ಅದರ ಕೊನೆಗೆ ಅಕ್ಕ ರಜೆ ಹಾಕಿ ಹೆರಿಗೆಗೆ ಹೊರಟರೆ ಮುಂದಿನ ಅಧ್ಯಾಯದಲ್ಲಿ ವಾಪಸ್ ಕೆಲಸಕ್ಕೆ ಬರುತ್ತಾರೆ. ನಡುವೆ ಏನೂ ನಡೆದೇ ಇಲ್ಲ.

ಮೂರು ಸಾವಿರ ಪ್ರತಿ! ಗಡ್ಡದ ಹುಡುಗನ ಟೆಕ್ನಿಕ್ ಏನೆಂದು ಆಗ ಅರ್ಥವಾಯಿತು.  ಅಯ್ಯೋ ನನ್ನ ಕರ್ಮವೇ ಎಂದು ಹಣೆಗೆ ಹಚ್ಚಿದ ಕೈಯನ್ನು ಹಾಗೇ ಕೆಳಗಿಳಿಸಿದೆ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅನ್ನುತ್ತಾರಲ್ಲ, ನಾನು ಅಕ್ಕ ಇಬ್ಬರೂ ಅದೇ ಕಣ್ಣಿಂದ ನೋಡಿದ್ದೆವು. ಯಾರೂ ಮರ್ಯಾದೆಗೆ ಬಾಯಿ ಮುಚ್ಚಿಕೊಂಡಿರಲಿಲ್ಲ. ಅವರು ಅದನ್ನು ಓದಿಯೇ ಇರಲಿಲ್ಲ. ಮಗಳೂ ಓದಿರಲಿಲ್ಲ!

"ರೀ!" ಎಂದು ಕೂಗಿದೆ. "ಪುಸ್ತಕದಲ್ಲಿ ಹದಿನಾರು ಪುಟ ಇಲ್ಲ ಕಣ್ರೀ!"

ನಮ್ಮವರು ಪಾರ್ಸಲ್ ದಾರ ಹಿಡಿದುಕೊಂಡೇ ಓಡಿ ಬಂದರು. "ಅದಕ್ಕೆ ಯಾಕೆ ನಗ್ತಿದೀಯ? ತಲೆ ಕೆಡ್ತಾ?"

ನಗುತ್ತಿದ್ದೆನೋ ಅಳುತ್ತಿದ್ದೆನೋ. ಹುಡುಗಿಗೆ ನನ್ನ ಬಳಿ ಉಳಿದಿದ್ದ ಮೊದಲ ಮುದ್ರಣದ ಪ್ರತಿಯನ್ನೇ ಕೊಟ್ಟೆ. "ಅಷ್ಟು ಜನ ಕೊಂಡ್ಕೊಂಡ್ರು, ಒಬ್ಬರೂ ಹೇಳ್ಲಿಲ್ಲ. ನೀನೊಬ್ಬಳೇ ನೋಡಮ್ಮ ಬಂದಿದ್ದು," ಎಂದೆ.

"ಪುಸ್ತಕ ಅಂದ್ರ ಪೂರ್ತಿ ಓದಬೇಕಲ್ರಿ," ಎಂದಳು ಅವಳು, ಇದರಲ್ಲೇನು ದೊಡ್ಡ ವಿಷಯ ಎಂಬಂತೆ.

ಆಟೋ ಹಿಡಿದು ಕುಮಾರಸ್ವಾಮಿ ಲೇಔಟಿಗೆ ಹೋದೆ. ಚೀಲದಲ್ಲಿ ತಪ್ಪು ಪ್ರತಿ ಒಂದು, ಮೊದಲ ಮುದ್ರಣ ಹೊಲಿದಾಗ ಉಳಿದಿದ್ದ ಎಂಟನೆಯ ಫಾರಂ ಒಂದು. ಚಪ್ಪಲಿ ಬಿಡುವ ಮೊದಲೇ ಹೇಳಿದೆ, "ಅಕ್ಕ, ನನ್ನಿಂದ ದೊಡ್ಡ ತಪ್ಪಾಗಿದೆ. ನಿಮ್ಮ ಕಾಮಾಲೆ ಅಧ್ಯಾಯ ಪುಸ್ತಕದಲ್ಲಿ ಇಲ್ಲ. ಹೊಸ ಮುದ್ರಣದ ಒಂದು ಪ್ರತಿಯಲ್ಲೂ ಇಲ್ಲ."

ಅಕ್ಕ ಕನ್ನಡಕ ಹಾಕಿಕೊಂಡು ಪುಟ ತಿರುವಿದರು. ಮುಂದೆ ಹೋದರು, ಹಿಂದೆ ಬಂದರು. "ಅಂದ್ರೆ ಅವಳು ಓದಿಲ್ಲ," ಎಂದರು.

"ಓದಿಲ್ಲ."

"ಸಭೆಗೆ ಬಂದೋರು ಯಾರೂ ಓದಿಲ್ಲ."

"ಒಂದು ನರಪಿಳ್ಳೇನೂ ಓದಿಲ್ಲ ಅಕ್ಕ."

"ಅಯ್ಯೋ ನಿನ್ನ! ಮೂವತ್ತು ವರ್ಷದಿಂದ ಊರೋರ ಕರೆಯೋಲೇಲಿ ತಪ್ಪು ಹುಡುಕೋಳೇ!" ಎಂದು ಹೊಟ್ಟೆ ಹಿಡಿದು ನಗಲು ಶುರು ಮಾಡಿದರು. ನಾನೂ ನಕ್ಕೆ. ಇಷ್ಟು ದಿನ ಹೊತ್ತ ಭಾರ ಇಳಿದ ಹಾಗಾಯಿತು. ಬೈಸಿಕೊಳ್ಳುವುದರಲ್ಲಿ ಇಂಥ ಸುಖ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ನಗು ನಿಂತ ಮೇಲೆ ಅಕ್ಕ ಆ ಒಂಟಿ ಫಾರಂ ಅನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ಅಂಚು ಸವರಿದರು. ಅವರು ಏನು ಯೋಚಿಸುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಗುಟ್ಟು ವಾಪಸ್ ಅವರ ಕೈಗೆ ಬಂದಿತ್ತು. ಹೀಗೇ ಬಿಟ್ಟುಬಿಡಬಹುದು. ಕಾಮಾಲೆ ಕಾಮಾಲೆಯಾಗಿಯೇ ಇರಬಹುದು. ನಾನು ಈ ಸಲ ಬಾಯಿ ಬಿಡಲಿಲ್ಲ.

"ಒಂದು ಸಲ ಸತ್ತು ಬದುಕಿದ ಹಾಗಾಯ್ತಲ್ಲೇ," ಎಂದರು ಕೊನೆಗೆ. "ಓದಿದ್ಲು, ನನ್ನ ಬಿಟ್ಟಳು ಅಂತ ಒಂದು ತಿಂಗಳು ಬದುಕಿದೀನಿ. ಇನ್ನು ಅದಕ್ಕಿಂತ ಕೆಟ್ಟದು ಏನಾಗತ್ತೆ? ತಗೊಂಡೋಗಿ ಕೊಡು. ನೀನೇ ಕೊಡು, ತಪ್ಪು ನಿನ್ನದು."

ಮಾರನೆಯ ದಿನ ವಸಂತಪುರಕ್ಕೆ ಹೋದೆ. ಮಗಳು ಬಾಗಿಲು ತೆಗೆದು, "ಬನ್ನಿ ಆಂಟಿ. ಅಮ್ಮ ಹುಷಾರಾಗಿದಾರೆ ತಾನೆ?" ಎಂದು ಗಾಬರಿಯಿಂದ ಕೇಳಿದಳು. ನಾನು ನಡೆದದ್ದನ್ನು ಹೇಳಿದೆ. ಒಂದು ಅಧ್ಯಾಯ ಎರಡು ಸಲ ಅಚ್ಚಾಗಿದೆ, ಇನ್ನೊಂದು ಬಿಟ್ಟುಹೋಗಿದೆ.

ಅವಳು ನನ್ನ ತೋಳು ಹಿಡಿದಳು. "ಅದು ಅಚ್ಚಿನ ತಪ್ಪಾ? ಅಮ್ಮ ಮರೆತು ಎರಡು ಸಲ ಬರೆದಿದ್ದಲ್ವಾ?"

"ಅಯ್ಯೋ ಇಲ್ಲಮ್ಮ!"

"ಅದೇ ಮಾತು, ಅದೇ ಕಥೆ ಮತ್ತೆ ಬಂತಲ್ಲ ಆಂಟಿ. ಅಮ್ಮಂಗೆ ಮರೆವಿನ ಕಾಯಿಲೆ ಶುರುವಾಗಿದೆ, ನೀವು ಅವರ ಮನಸ್ಸು ನೋಯಿಸ್ಬಾರ್ದು ಅಂತ ಹಂಗೇ ಅಚ್ಚು ಹಾಕಿದೀರ ಅಂದ್ಕೊಂಡೆ. ಹೆಂಗೆ ಕೇಳೋದು ಅಂತ ಗೊತ್ತಾಗ್ಲಿಲ್ಲ. ದಿನಾ ತಿಂಡಿ ಏನು, ವಾರ ಯಾವುದು ಅಂತ ಕೇಳಿ ಕೇಳಿ ಪರೀಕ್ಷೆ ಮಾಡ್ತಿದ್ದೆ. ಬುಧವಾರಕ್ಕೆ ಡಾಕ್ಟರ್ ಅಪಾಯಿಂಟ್‌ಮೆಂಟ್ ಕೂಡ ತಗೊಂಡಿದೀನಿ." ಹೇಳುತ್ತಾ ಹೇಳುತ್ತಾ ಅತ್ತೇಬಿಟ್ಟಳು. ಪುಟಸಂಖ್ಯೆ ನೋಡಬಾರದಿತ್ತಾ ಎಂದು ಕೇಳೋಣ ಅನ್ನಿಸಿತು. ದೇವರ ಮನೆಯ ಪ್ರತಿ ನೆನಪಾಗಿ ಸುಮ್ಮನಾದೆ.

ಅವಳ ಕೈಗೆ ಆ ಹದಿನಾರು ಪುಟ ಕೊಟ್ಟೆ. "ಬಿಟ್ಟುಹೋಗಿದ್ದು ಇದು. ಒಬ್ಬಳೇ ಕೂತು ಓದು," ಎಂದು ಹೇಳಿ, ಕಾಫಿಗೂ ನಿಲ್ಲದೆ ಬಂದುಬಿಟ್ಟೆ.

ಅದೇ ವಾರ ನಟಿಗೂ ತಪ್ಪೊಪ್ಪಿಗೆ ಬರೆದೆವು. ಅವಳು ತಾನೇ ಫೋನ್ ಮಾಡಿದಳು. "ಅಯ್ಯೋ ಆಂಟಿ, ಆ ಚಾಪ್ಟರ್‌ಗೋಸ್ಕರಾನೇ ನಾನು ಆ ಪುಸ್ತಕ ತಗೊಂಡಿದ್ದು! ಮಾಸ್ಕ್ ಹಾಕ್ಕೊಂಡು ಅಂಗಡಿಗೆ ಹೋಗಿದ್ದೆ, ಕೆಳಗಿನ ಶೆಲ್ಫಲ್ಲಿ ಸಿಕ್ತು. ನಮ್ಮಮ್ಮಂಗೂ ಹಂಗೇ ಆಗಿತ್ತು. ಅಷ್ಟು ಜನರ ಮುಂದೆ ಕೇಳಿದ್ರೆ ಅವರಿಗೆ ಕಷ್ಟ ಆಗತ್ತೇನೋ ಅಂತ ಸುಮ್ನೆ ಕೈ ಹಿಡ್ಕೊಂಡೆ."  ತಲೆಕೆಳಗೆ ಪುಸ್ತಕ ಹಿಡಿದವಳು ಯಾರು ಎಂದು ಗೊತ್ತಾಯಿತು. ಬಿಟ್ಟ ಪುಟಗಳನ್ನು ಕೇಳಿದವರಿಗೆಲ್ಲ ಕಳಿಸಿಕೊಡುತ್ತೇವೆ ಎಂದು ತನ್ನ ಇಂಟರ್ನೆಟ್ ಪುಟದಲ್ಲೇ ಹಾಕಿದಳು. ಕೇಳಿದವರ ವಿಳಾಸ ಬರೆದೂ ಬರೆದೂ ನಮ್ಮವರ ಕೈ ಸೋತಿತು. ಅದರಲ್ಲಿ ಎಷ್ಟೋ ಜನ ಎರಡು ಕೇಳಿದ್ದರು, ಒಂದು ತಮಗೆ, ಒಂದು ಅಮ್ಮನಿಗೆ.

ಆದರೆ ವಸಂತಪುರದಿಂದ ಸುದ್ದಿಯಿಲ್ಲ. ಸೋಮವಾರ ಇಲ್ಲ, ಬುಧವಾರ ಇಲ್ಲ. ದಿನಾ ಬರುತ್ತಿದ್ದ ತಿಂಡಿಯ ಪ್ರಶ್ನೆಯೂ ನಿಂತಿತು. ಅಕ್ಕ ನನಗೆ ಫೋನ್ ಮಾಡಿ ಏನೂ ಕೇಳದೆ ಇಡುತ್ತಿದ್ದರು.

ಭಾನುವಾರ ಹೊಸದಾಗಿ ಅಚ್ಚಾದ ಪುಟಗಳನ್ನು ತೋರಿಸುವ ನೆಪದಲ್ಲಿ ನಾನೇ ಅಕ್ಕನ ಮನೆಗೆ ಹೋದೆ. ಹಜಾರದಲ್ಲಿ ಇಬ್ಬರೂ ಆ ಪುಟಗಳನ್ನು ಮಡಚುತ್ತಾ ಕೂತಿದ್ದೆವು. ಹನ್ನೊಂದರ ಸುಮಾರಿಗೆ ಗೇಟು ಸದ್ದಾಯಿತು. ಮಗಳು. ಕೈಯಲ್ಲಿ ಸ್ಟೀಲ್ ಡಬ್ಬಿ. ಕಣ್ಣು ಕೆಂಪಾಗಿತ್ತು, ಮುಖದಲ್ಲಿ ಏನೂ ತಿಳಿಯುತ್ತಿರಲಿಲ್ಲ. ನನಗೆ ನಮಸ್ಕಾರ ಕೂಡ ಹೇಳಲಿಲ್ಲ. ಸೀದಾ ಬಂದು ಅಮ್ಮನ ಎದುರು ನೆಲದ ಮೇಲೆ ಕೂತು ಡಬ್ಬಿಯ ಮುಚ್ಚಳ ತೆಗೆದಳು. ಬಿಸಿ ಬಿಸಿ ಆಂಬೊಡೆ. ಕರಿಬೇವು, ಹಸಿಮೆಣಸಿನಕಾಯಿಯ ಘಮ ಹಜಾರ ತುಂಬಿತು. ಎಣ್ಣೆ ಇನ್ನೂ ಮಿನುಗುತ್ತಿತ್ತು.

ಅಕ್ಕ ಡಬ್ಬಿ ನೋಡಿದರು, ಮಗಳ ಮುಖ ನೋಡಿದರು. ಕೈ ಮುಂದೆ ಬರಲಿಲ್ಲ. ನಲವತ್ತೈದು ವರ್ಷದ ಅಭ್ಯಾಸ.

ಮಗಳು ಒಂದನ್ನು ಮುರಿದು, ಊದಿ ಆರಿಸಿ, ಅಮ್ಮನ ಬಾಯಿಯ ಹತ್ತಿರ ಹಿಡಿದಳು.

"ತಿನ್ನಮ್ಮ," ಎಂದಳು. "ನಿಂಗೆ ಕಾಮಾಲೆ ಆಗೇ ಇರ್ಲಿಲ್ವಲ್ಲ."